ದೊಡ್ಡಂಗಡಿಯ ಬಾವಿ

ಫೋನು ಬಂದಾಗ ಅವನು ಬಚ್ಚಲಲ್ಲಿ ಟವೆಲು ಹಿಂಡುತ್ತಿದ್ದ. ಒದ್ದೆ ಕೈಯಲ್ಲೇ ಎತ್ತಿಕೊಂಡ. "ನಮಸ್ಕಾರ ಸಾರ್, ನಾನು," ಎಂದಿತು ಆ ಕಡೆಯ ಗಟ್ಟಿ ದನಿ. ನಾನು ಎಂದಷ್ಟೇ ಹೇಳಿದರೆ ಲೋಕಕ್ಕೆಲ್ಲ ಗುರುತು ಸಿಗುತ್ತದೆ ಎಂದು ನಂಬಿದ್ದವನು ಅವನ ಬಳಕೆಯವರಲ್ಲಿ ಒಬ್ಬನೇ, ಹಳೆಯ ಕಂಟ್ರಾಕ್ಟರ. ಇವನು ನಕ್ಷೆಗಾರನಾಗಿದ್ದಷ್ಟು ಕಾಲವೂ ಇವನು ಕಾಗದದ ಮೇಲೆ ಎಳೆದ ಗೆರೆಗಳನ್ನು ಕಬ್ಬಿಣದಲ್ಲೂ ಗಾರೆಯಲ್ಲೂ ನಿಲ್ಲಿಸಿದವನು. "ದೊಡ್ಡಂಗಡಿ ಒಳಗೆಲ್ಲ ಬಿಚ್ಚೋ ಕೆಲಸ ನನಗೇ ಬಂದಿದೆ ಸಾರ್. ಆಫೀಸುಗಳು ಬರ್ತಾವಂತೆ. ನಿಮ್ಮ ಸೀಲಿಂಗು ಅರ್ಧ ಇಳಿಸಿದ್ವಿ. ಇನ್ನರ್ಧ ಯಾವುದನ್ನ ಹಿಡ್ಕೊಂಡು ನೇತಾಡ್ತಿದೆ ಅಂತಾನೇ ತಿಳೀತಿಲ್ಲ. ನಮ್ಮವರು ಮುಟ್ಟೋಕೆ ಹೆದರ್ತಾರೆ. ಒಂದ್ಸಲ ಬಂದು ತೋರಿಸಿಬಿಡಿ ಸಾರ್." ನಿಮ್ಮ ಸೀಲಿಂಗು. ಆತ ಗೌರವಕ್ಕೇ ಹಾಗೆ ಹೇಳಿದ್ದ. ಆದರೂ ಆ ಎರಡು ಮಾತು ಕಿವಿಯಲ್ಲಿ ನೀರು ಹೊಕ್ಕ ಹಾಗೆ ಒಳಗೇ ಉಳಿದವು. ಬರುತ್ತೇನೆ ಎಂದು ಹೇಳಿ ಫೋನಿಟ್ಟಾಗ ನೆಲದ ಮೇಲೆ ಅವನ ಕೈಯಿಂದ ತೊಟ್ಟಿಕ್ಕಿದ ನೀರಿನ ಸಾಲು ಬಚ್ಚಲಿನಿಂದ ಫೋನಿನವರೆಗೆ ಇತ್ತು, ಅದರ ಆಚೆ ಕುರ್ಚಿಯಲ್ಲಿ ಮಾವ ಕೂತಿದ್ದರು.

ಮಾವನ ಕಣ್ಣಿಗೆ ಈಗ ಬೆಳಕು ಕತ್ತಲೆ ಇಷ್ಟೇ ಗೊತ್ತಾಗುತ್ತಿದ್ದದ್ದು. ಮನೆಯೊಳಗೆ ಗೋಡೆ ಮುಟ್ಟದೆ ಓಡಾಡುತ್ತಿದ್ದರು, ಲೋಟ ಇಟ್ಟ ಜಾಗಕ್ಕೇ ಕೈ ಹೋಗುತ್ತಿತ್ತು. ಹೆಂಡತಿ ಇದ್ದಾಗ ಅವರನ್ನು ಕರೆದುಕೊಂಡು ಬಂದು ಇಟ್ಟುಕೊಂಡವಳು ಅವಳೇ; ಅವಳು ತೀರಿಕೊಂಡ ಮೇಲೆ ಅವರು ಎಲ್ಲಿಗೂ ಹೋಗಲಿಲ್ಲ, ಇವನೂ ಹೋಗಿ ಎನ್ನಲಿಲ್ಲ. ನಡುವೆ ಒಬ್ಬಳು ಇದ್ದಾಗ ಮಾವ ಅಳಿಯ ಇಬ್ಬರೂ ಅವಳ ಮೂಲಕವೇ ಮಾತಾಡುತ್ತಿದ್ದರು. ಅವಳಿಲ್ಲದ ಮನೆಯಲ್ಲಿ ಒಂದು ವಿಚಿತ್ರವಾದ ಭಾಷೆ ಬೆಳೆದಿತ್ತು. ಕಾಫಿ ಆಗಿದೆ. ನಲ್ಲಿ ನಿಂತಿದೆ. ಮಾತ್ರೆ ಮುಗಿದಿರಬೇಕು. ಯಾರು ಮಾಡಿದರು, ಯಾರು ತರಬೇಕು ಎಂಬುದು ಆ ಮಾತುಗಳಲ್ಲಿ ಇರುತ್ತಿರಲಿಲ್ಲ. ಕೆಲಸಗಳೆಲ್ಲ ತಾವಾಗಿಯೇ ಆಗುತ್ತಿದ್ದವು ಎಂಬ ಹಾಗೆ, ನೀವು ಎಂಬ ಒಂದು ಶಬ್ದವನ್ನು ಬಳಸದೆ, ಇಬ್ಬರು ಗಂಡಸರು ಒಂದೇ ಒಲೆಯ ಅಡುಗೆ ಉಂಡುಕೊಂಡಿದ್ದರು. "ದೊಡ್ಡಂಗಡಿ ಅಂದ ಹಾಗಾಯ್ತು," ಎಂದರು ಮಾವ, ಕುರ್ಚಿಯ ಕೈಗೆ ಹೇಳುವವರ ಹಾಗೆ. ಸೀಲಿಂಗು ಇಳಿಸುತ್ತಿದ್ದಾರಂತೆ ಎಂದು ಅವನು ಹೇಳಿದ. "ಬರಬಹುದಾ?" ಎಂದರು ಮಾವ. ಅವನಿಗೆ ಬೇಡವಾಗಿತ್ತು. ಎಲ್ಲಿ ಬೇಕಾದರೂ ಕರೆದುಕೊಂಡು ಹೋಗಬಹುದು, ಅಲ್ಲಿಗೆ ಮಾತ್ರ ಇವರ ಜೊತೆ ಹೋಗುವುದೆಂದರೆ ತಾನು ಮುರಿದ ಪಾತ್ರೆಯನ್ನು ಅದರ ಒಡೆಯನಿಗೇ ಹೊತ್ತು ತೋರಿಸಿದ ಹಾಗೆ. "ಧೂಳಿರತ್ತೆ," ಎಂದ. "ಇರಲಿ," ಎನ್ನುತ್ತ ಮಾವ ಆಗಲೇ ಎದ್ದಿದ್ದರು. ಒಳಗೆ ಹೋಗಿ, ಬಹಳ ಕಾಲ ಹಾಕದೆ ಇದ್ದ ಕೋಟು ಹಾಕಿಕೊಂಡು, ಕೋಲು ಹಿಡಿದು ಬಂದರು. ಗುಂಡಿಗಳು ಒಂದೂ ಸಾಲು ತಪ್ಪಿರಲಿಲ್ಲ.

ಟ್ಯಾಕ್ಸಿಯಲ್ಲಿ ಇಬ್ಬರೂ ಒಂದೊಂದು ಕಿಟಕಿಗೆ ಅಂಟಿ ಕೂತರು. ದೊಡ್ಡಂಗಡಿಗೆ ಅದರದೇ ಒಂದು ಹೆಸರಿತ್ತು, ಹಿತ್ತಾಳೆಯ ಅಕ್ಷರಗಳಲ್ಲಿ ಬಾಗಿಲ ಮೇಲೆ ಕೂಡಿಸಿದ್ದರು, ಆದರೆ ಊರಿನಲ್ಲಿ ಯಾರೂ ಅದನ್ನು ಹಾಗೆ ಕರೆದದ್ದಿಲ್ಲ. ದೊಡ್ಡ ಸಾಹುಕಾರ ಎಂಬ ಒಬ್ಬಾತ ಬೀದಿ ಬದಿಯಲ್ಲಿ ಛತ್ರಿ ಮಾರುತ್ತಿದ್ದವನು, ತನ್ನ ಗಿರಾಕಿಗಳು ಮಳೆ ನಿಂತ ಕೂಡಲೇ ತನ್ನನ್ನು ಮರೆಯುತ್ತಾರೆ ಎಂಬ ಸಿಟ್ಟಿಗೆ, ವರ್ಷವಿಡೀ ಜನ ಬರಲೇಬೇಕಾದ ಅಂಗಡಿಯೊಂದನ್ನು ಕಟ್ಟಿಸಿದನಂತೆ. ನಾಲ್ಕು ಅಂತಸ್ತು. ನಡುವೆ ನೆಲದಿಂದ ಚಾವಣಿಯವರೆಗೆ ಖಾಲಿ, ಸುತ್ತ ಕಂಬಿ ಹಾಕಿದ ಮೊಗಸಾಲೆಗಳು, ಎಲ್ಲಕ್ಕೂ ಮೇಲೆ ಗಾಜಿನ ಗುಮ್ಮಟ. ಆ ಗಾಜು ಹಡಗಿನಲ್ಲಿ ಬರುವಾಗ ಅರ್ಧ ಒಡೆದು, ಉಳಿದ ಕಡೆಗೆಲ್ಲ ಊರಿನ ಗಾಜಿನವನ ಹತ್ತಿರ ಬಣ್ಣದ ಚೂರುಗಳನ್ನು ಹಾಕಿಸಿದರು. ಜನ ಮಾತ್ರ ಅದನ್ನು ಸಾಹುಕಾರನ ಕಲಾಭಿರುಚಿ ಎಂದೇ ತಿಳಿದರು. ಕೆಲಸದವರು ಆ ನಡುವಿನ ಖಾಲಿಯನ್ನು ಬಾವಿ ಎನ್ನುತ್ತಿದ್ದರು. ತಲೆಕೆಳಗಾದ ಬಾವಿ, ನೀರಿನ ಬದಲು ಬೆಳಕು. ಇವನು ಚಿಕ್ಕವನಿದ್ದಾಗ ಅಮ್ಮನ ಸೆರಗು ಹಿಡಿದು ಅಲ್ಲಿಗೆ ಹೋದದ್ದು ಲಿಫ್ಟು ನೋಡುವುದಕ್ಕೆ. ಕೊಳ್ಳುವುದು ಏನೂ ಇರುತ್ತಿರಲಿಲ್ಲ. ಏನು ಬೇಕಮ್ಮಾ ಎಂದು ಯಾರಾದರೂ ಕೇಳಿಬಿಟ್ಟಾರು ಎಂದು ಅಮ್ಮ ಹೆದರಿ, ಯಾವುದೋ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, ಚೆನ್ನಾಗಿಲ್ಲ ಎಂಬ ಮುಖ ಮಾಡಿ ಮುಂದೆ ಹೋಗುತ್ತಿದ್ದಳು. ಆ ಮುಖ ನೋಡಿ ಅವನಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಬೆಳೆದು, ಕೆಲಸ ಸಿಕ್ಕಿ, ಒಂದು ಶರ್ಟಿನ ಬಟ್ಟೆ ಕೊಳ್ಳಲು ನಿಜವಾಗಿಯೇ ಹೋದಾಗ ರೇಷ್ಮೆ ಮತ್ತು ಜವಳಿ ಕೌಂಟರಿನ ಹಿಂದೆ ಮಾವ ನಿಂತಿದ್ದರು. ಆಗ ಮಾವನಲ್ಲ, ಕೋಟು ಹಾಕಿದ ಒಬ್ಬ ನೆಟ್ಟನೆಯ ಮನುಷ್ಯ. ಬಟ್ಟೆಯ ಥಾನನ್ನು ಭುಜದ ಮೇಲೆ ಹಾಕಿಕೊಂಡು "ಬನ್ನಿ, ಬಾವಿಗೆ ಹೋಗೋಣ," ಎಂದರು. ಅವನು ಗಾಬರಿಯಾದ. ಕೌಂಟರಿನ ಪಕ್ಕದಲ್ಲಿ ಅಪ್ಪನ ಬುತ್ತಿಯ ಡಬ್ಬಿ ಹಿಡಿದು ಕಾಯುತ್ತಿದ್ದ ಹುಡುಗಿ ಅವನ ಗಾಬರಿ ನೋಡಿ ಕಿಸಕ್ಕನೆ ನಕ್ಕಳು. ಗುಮ್ಮಟದ ಕೆಳಗೆ ಬಟ್ಟೆ ಹರಡಿ, "ಇದು ನಿಮ್ಮ ಕಣ್ಣಿಗೆ ಯಾವ ಬಣ್ಣ ಅನ್ನಿಸತ್ತೆ, ಹೇಳಿ," ಎಂದು ಕೇಳಿದ್ದರು ಮಾವ. ತನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ಆ ನಗುವಿನ ಹುಡುಗಿಯನ್ನು ಮದುವೆಯಾಗಲು ಎಷ್ಟು ಓಡಾಡಿದ ಎನ್ನುವುದು ಬೇರೆ ಮಾತು.

"ಸಿಗ್ನಲ್ಲು ದಾಟಿತಾ?" ಎಂದರು ಮಾವ. ದಾಟಿತು ಎಂದ. ಸಾಹುಕಾರ ಸತ್ತು ಮಗ ಗದ್ದುಗೆಗೆ ಬಂದ ವರ್ಷವೇ ಇವನ ಮದುವೆಯಾದದ್ದು. ಚಿಕ್ಕ ಸಾಹುಕಾರನಿಗೆ ಅಂಗಡಿ ತಣ್ಣಗಿರಬೇಕಾಗಿತ್ತು. ಹೊಸ ಕಾಲದ ಅಂಗಡಿಗಳೆಲ್ಲ ತಣ್ಣಗಿದ್ದವು. ಆ ಬಾವಿಯನ್ನು ತಂಪು ಮಾಡುವುದೆಂದರೆ ಆಕಾಶಕ್ಕೇ ಫ್ಯಾನು ಹಾಕಿದ ಹಾಗೆ. ಕೆಲಸ ಅವನ ಆಫೀಸಿಗೆ ಬಂತು. ಗುಮ್ಮಟಕ್ಕೆ ಇನ್ನೊಂದು ಪದರ ಗಾಜು ಹಾಕೋಣ ಎಂದು ಹಿರಿಯ ಇಂಜಿನಿಯರು ಹೇಳುತ್ತಿದ್ದಾಗ, ಯಾರೂ ಕೇಳದೆಯೇ, ಅವನು ತನ್ನ ಮೇಜಿನಲ್ಲಿ ಇನ್ನೊಂದು ನಕ್ಷೆ ಬರೆದ. ಮೊದಲ ಅಂತಸ್ತಿನ ಮಟ್ಟಕ್ಕೆ ಬಾವಿಯ ಬಾಯಿಗೆ ಅಡ್ಡಲಾಗಿ ಒಂದು ಸೀಲಿಂಗು, ಮೇಲಿನ ತೊಲೆಗಳಿಂದ ಇಳಿಬಿಟ್ಟ ಸಲಾಕೆಗಳಿಗೆ ತೂಗುಬಿದ್ದದ್ದು, ಕೆಳಗಿನಿಂದ ನೋಡಿದರೆ ಒಂದು ಬೋಲ್ಟೂ ಕಾಣದಂಥದು. ಅಚ್ಚುಕಟ್ಟಾದ ನಕ್ಷೆ. ಈಗಲೂ ಹಾಗೆಯೇ ಅನ್ನಿಸುತ್ತದೆ, ಅದೇ ಕಷ್ಟ. ಚಿಕ್ಕ ಸಾಹುಕಾರ ಅದನ್ನೇ ಎತ್ತಿಕೊಂಡ. ಮನೆಯಲ್ಲಿ ಇವನು ಹೇಳಲಿಲ್ಲ. ಹೇಳೋಣ ಎಂದು ಊಟಕ್ಕೆ ಕೂತಾಗಲೆಲ್ಲ ನಾಲಿಗೆಯ ತುದಿಗೆ ಬಂದದ್ದು ತುತ್ತಿನ ಜೊತೆ ಒಳಗೆ ಹೋಗುತ್ತಿತ್ತು. ಒಂದು ದಿನ ಅಂಗಡಿಯ ಕೆಲಸದವರನ್ನೆಲ್ಲ ಬಾವಿಯ ಕೆಳಗೆ ಸೇರಿಸಿ ಚಿಕ್ಕ ಸಾಹುಕಾರ ಹೊಸ ವ್ಯವಸ್ಥೆ ವಿವರಿಸುತ್ತ, ನಕ್ಷೆಯ ಸುರುಳಿ ಹಿಡಿದು ನಿಂತಿದ್ದ ಇವನ ಬೆನ್ನು ತಟ್ಟಿ, "ಇದು ಇವರ ಐಡಿಯಾ. ನಮ್ಮ ಜವಳಿಯವರ ಅಳಿಯನೇ ಅಲ್ವಾ ಇವರು?" ಎಂದು ಮಾವನ ಕಡೆ ತಿರುಗಿದ. ಎಲ್ಲ ಮುಖಗಳೂ ತಿರುಗಿದವು. ಮಾವ ಒಂದು ಕ್ಷಣ ಅವನನ್ನು, ಗಿರಾಕಿ ತಂದ ನಕಲಿ ಬಟ್ಟೆಯನ್ನು ನೋಡುವ ಹಾಗೆ ನೋಡಿ, "ಹೌದು ಸಾರ್," ಎಂದರು. ಅಷ್ಟೇ. ಆ ಎರಡು ಮಾತಿನಲ್ಲಿ ಅವನು ಕರಗಿಹೋದ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಬಾಗಿಲಲ್ಲಿ ಕಂಟ್ರಾಕ್ಟರ ಕಾಯುತ್ತಿದ್ದ. ತಲೆಗೆ ಹಳದಿ ಟೋಪಿ, ಹೊಟ್ಟೆ ಮೊದಲಿಗಿಂತ ಒಂದು ಸುತ್ತು ಹೆಚ್ಚು. "ಹಿರಿಯರೂ ಬಂದ್ರಾ! ಬನ್ನಿ ಬನ್ನಿ," ಎಂದು ಮಾವನ ಕೈಯನ್ನು ತಾನೇ ಹಿಡಿದು ಒಳಗೆ ನಡೆಸಿದ. ಹಿತ್ತಾಳೆಯ ಅಕ್ಷರಗಳನ್ನು ಯಾರೋ ಕಿತ್ತು ಒಯ್ದಿದ್ದರು, ಅವು ಇದ್ದ ಜಾಗದಲ್ಲಿ ಕಲ್ಲು ಬೆಳ್ಳಗಿತ್ತು. ಒಳಗೆ ಕೌಂಟರುಗಳಿಲ್ಲ, ನೆಲದಲ್ಲಿ ಅವುಗಳ ಅಚ್ಚು ಮಾತ್ರ; ಸುಗಂಧದ ಸೀಸೆಗಳಿದ್ದ ಕಡೆ ಸಿಮೆಂಟಿನ ಚೀಲಗಳು. ಅಂಗಡಿ ಮುಚ್ಚಿದ್ದು ಒಂದು ದಿನದಲ್ಲಲ್ಲ. ಊರ ಹೊರಗೆ ಕಾರು ನಿಲ್ಲಿಸಲು ಬಯಲಿದ್ದ ಹೊಸ ಅಂಗಡಿಗಳು ಬಂದ ಮೇಲೆ ಮೊದಲು ನಾಲ್ಕನೆಯ ಅಂತಸ್ತಿನ ದೀಪ ಆರಿತು, ಆಮೇಲೆ ಮೂರನೆಯದು, ಮುದುಕರಿಗೆ ಕಾಲಿನಿಂದ ಮೇಲೆ ಜೀವ ಹೋಗುತ್ತದೆ ಎನ್ನುತ್ತಾರಲ್ಲ, ಇದಕ್ಕೆ ತಲೆಯಿಂದ ಕೆಳಗೆ ಹೋಯಿತು. ಕೊನೆಯ ವಾರ ಕನ್ನಡಿಗಳನ್ನೂ ಬಟ್ಟೆ ತೂಗುಹಾಕುವ ಕಂಬಿಗಳನ್ನೂ ಮಾರಿದರು. ಆ ಬಾವಿ ಮುಚ್ಚಿದ ದಿನವೇ ಅಂಗಡಿಯ ಕಥೆ ಮುಗಿದಿತ್ತು ಎಂದು ಒಬ್ಬ ಹಳೆಯ ಗಿರಾಕಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಆಮೇಲೆ ಅದು ಹತ್ತು ಅಂಗಡಿಗಳಲ್ಲಿ ಹನ್ನೊಂದನೆಯದಾಯಿತಂತೆ. ಈಗ ಅವನು ತಲೆಯೆತ್ತಿದ. ಅರ್ಧ ಸೀಲಿಂಗು ಹೋಗಿತ್ತು. ಹೋದ ಅರ್ಧದ ಆಚೆ ಮೊಗಸಾಲೆಗಳು ಒಂದರ ಮೇಲೊಂದು ಏರಿ, ಎಲ್ಲಕ್ಕೂ ಮೇಲೆ ಗುಮ್ಮಟ, ಹೊಲಸು ಮೆತ್ತಿದ ಗಾಜಿನಿಂದ ಬಿದ್ದ ಬಿಸಿಲು ನೆಲದ ಮೇಲೆ ಒಂದು ಓರೆ ಹಾಸಿಗೆ ಹಾಸಿತ್ತು. ಉಳಿದ ಅರ್ಧ ಅವನ ಕೈಬರಹದ ಹಾಗೆ ಅಲ್ಲೇ ತೂಗುತ್ತಿತ್ತು, ಅಚ್ಚುಕಟ್ಟಾಗಿ.

ಸಲಾಕೆಗಳು ಎರಡನೆಯ ಅಂತಸ್ತಿನ ತೊಲೆಗೆ ಹೇಗೆ ಕೂತಿವೆ, ಯಾವುದನ್ನು ಮೊದಲು ಬಿಚ್ಚಬೇಕು ಎಂದು ಅವನು ಕಂಟ್ರಾಕ್ಟರನಿಗೆ ತೋರಿಸಿದ. "ನಡುವಿನಿಂದ ಬಿಚ್ಚಿದ್ದೇ ತಪ್ಪು. ಅಂಚಿನಿಂದ ಬರಬೇಕಿತ್ತು. ಆ ಮೂಲೆ ನೋಡಿ, ಒಂದು ಸಲಾಕೆ ಆಗಲೇ ಸಡಿಲ ಆಗಿದೆ. ಅದರ ಕೆಳಗೆ ಯಾರೂ ಹೋಗದ ಹಾಗೆ ನೋಡ್ಕೊಳ್ಳಿ." "ಸರಿ ಸಾರ್. ಚಹಾ ಆದಮೇಲೆ ಅದನ್ನೇ ಮೊದಲು ಹಿಡೀತೀವಿ," ಎಂದು ಕಂಟ್ರಾಕ್ಟರ ತನ್ನವರನ್ನೆಲ್ಲ ಕೂಗಿ ಹಿಂಬಾಗಿಲ ಕಡೆ ಹೋದ. ಮಾವ ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಅದು ಜವಳಿ ಕೌಂಟರಿನ ಕಂಬ. ಸೀಲಿಂಗು ಹಾಕಿದ ವರ್ಷವೇ ಒಂದು ಮದುವೆಮನೆಯವರಿಗೆ, ಹುಡುಗಿಯ ಅಕ್ಕತಂಗಿಯರಿಗೆಲ್ಲ ಒಂದೇ ಬಣ್ಣ ಬೇಕೆಂದು ಕೇಳಿ ಬಂದವರಿಗೆ, ಮಾವ ಎರಡು ಥಾನು ಸೇರಿಸಿ ಕಟ್ಟಿಕೊಟ್ಟಿದ್ದರು. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಮದುವೆಯ ಬೆಳಿಗ್ಗೆ ಹೊರಗೆ ನಿಂತಾಗ ಅರ್ಧ ಜನ ಒಂದು ಬಣ್ಣ, ಅರ್ಧ ಇನ್ನೊಂದು. ಹುಡುಗಿಯ ತಾಯಿ ಮಾರನೆಯ ದಿನ ಬಂದು, ಹೊಲಿದ ಬಟ್ಟೆಗಳನ್ನು ಮಾವನ ಮುಖದ ಮುಂದೆ ಕೌಂಟರಿಗೆ ಎಸೆದಳು. "ಇಷ್ಟು ವರ್ಷ ಇಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ರಾ?" ಎಂದು ಕೇಳಿದಳಂತೆ. ಮಾವನನ್ನು ನಾಲ್ಕನೆಯ ಅಂತಸ್ತಿನ ಟವೆಲು ವಿಭಾಗಕ್ಕೆ ಹಾಕಿದರು. ಬಿಳಿ ಟವೆಲು, ಬಿಳಿ ಹಾಸು, ಬಿಳಿ ದಿಂಬಿನ ಚೀಲ. ಅಲ್ಲೇ ನಿವೃತ್ತರಾದರು. ಟವೆಲಿಗೆ ಹಾಕಿದ ದಿನದ ಸಂಜೆ ಹೆಂಡತಿ ತವರಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ, "ಅಪ್ಪನ ಕಣ್ಣಿಗೇ ಮುಚ್ಚಳ ಹಾಕಿದ್ರಲ್ಲ ನೀವು," ಎಂದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಅವಳು ಆಡಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದಳು. ಆದರೆ ಆ ಕಿಸಕ್ಕನೆಯ ನಗು ಹೋದದ್ದು ಹೋಯಿತು, ಮನೆಯಲ್ಲಿ ಎಲ್ಲೋ ಇಟ್ಟು ಮರೆತ ಹಾಗೆ. ಅವನು ಭಾನುವಾರ ಬಂತೆಂದರೆ ದೊಡ್ಡಂಗಡಿಯ ಮೆಟ್ಟಿಲು ಹತ್ತಿ ಮಾವನ ಹತ್ತಿರ ಒಂದು ಟವೆಲು ಕೊಳ್ಳುತ್ತಿದ್ದ. ಮಾವ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಬೇರೆ ಗಿರಾಕಿಗೆ ಕೊಟ್ಟ ಹಾಗೆ ಎರಡೂ ಕೈಯಲ್ಲಿ ಕೊಡುತ್ತಿದ್ದರು. ಇನ್ನೇನು ಮಾತಾಡಬೇಕು, ಅಷ್ಟರಲ್ಲಿ "ಬೇರೇನಾದ್ರೂ?" ಎನ್ನುತ್ತಿದ್ದರು. ಮನೆಯ ಕಪಾಟು ತೆರೆದರೆ ಟವೆಲು ಮೈಮೇಲೆ ಬೀಳುವ ಹಾಗಾಯಿತು. ಹೆಂಡತಿ ಒಂದು ಸಲ ಮಾತ್ರ, "ನಮ್ಮನೇಲಿ ಇರೋದು ಇಬ್ಬರು, ಎಷ್ಟು ಸಲ ಮೈ ಒರೆಸ್ಕೊಳ್ಳೋಕೆ?" ಎಂದಳು. ಅದು ತಮಾಷೆಯಾಗಿತ್ತೋ ಏನೋ. ಅವನು ನಗಲಿಲ್ಲ, ತಪ್ಪಿತಸ್ಥನ ಮುಖ ಮಾಡಿಕೊಂಡ.

"ಬಿಸಿಲು ಬಿದ್ದಿದೆ ಅಲ್ವಾ?" ಎಂದರು ಮಾವ.

"ಹೌದು."

"ಮೇಲಿನ ಗಾಜು ಹಾಗೇ ಇದೆಯಾ?"

"ಅಲ್ಲಲ್ಲಿ ಒಡೆದಿದೆ. ಬಣ್ಣದ್ದು ಉಳ್ಕೊಂಡಿದೆ. ನೀಲಿ. ಅಂಚಿಗೆ ಹಸಿರು."

"ಹಸಿರೂ ಇದೆಯಾ?" ಮಾವ ನಕ್ಕರು. "ನಾನು ಅದನ್ನೂ ನೀಲಿ ಅಂತಾನೇ ಅನ್ಕೊಂಡಿದ್ದೆ. ಕೊನೆಕೊನೆಗೆ ನೀಲಿಯೂ ಇಲ್ಲ, ಎಲ್ಲ ಬೂದಿ."

"ಕಣ್ಣು ಪೂರ್ತಿ ಹೋಗೋ ಮುಂಚೆ."

"ಅಲ್ಲ. ನೀವು ಸೀಲಿಂಗು ಹಾಕೋಕೆ ಮುಂಚೆ."

ಅವನಿಗೆ ಮೊದಲು ಹೊಳೆದದ್ದು ಮಾತಿನ ಅರ್ಥವಲ್ಲ, ನೀವು ಎಂಬ ಶಬ್ದ. ಎಷ್ಟು ಕಾಲದ ಮೇಲೆ. ಮಾವ ಕಂಬಕ್ಕೆ ತಲೆ ಆನಿಸಿ, ಎದುರಿಗೆ ಗಿರಾಕಿ ಇರುವ ಹಾಗೆ ಅದೇ ನಯವಾದ ದನಿಯಲ್ಲಿ ಹೇಳುತ್ತಿದ್ದರು. "ಕಣ್ಣಿನ ನರ ಒಣಗ್ತಿದೆ ಅಂದಿದ್ರು ಡಾಕ್ಟರು. ಮೊದಲು ಬಣ್ಣ ಹೋಗತ್ತೆ, ಆಮೇಲೆ ಉಳಿದದ್ದು. ಔಷಧಿ ಇಲ್ಲ ಅಂತ ಕೈ ತೊಳ್ಕೊಂಡ್ರು. ಯಾರಿಗೆ ಹೇಳ್ಲಿ? ಜವಳಿ ಕೌಂಟರಿನವನಿಗೆ ಬಣ್ಣ ಕಾಣಲ್ಲ ಅಂದ್ರೆ ಜನ ನಗಲ್ವಾ? ಗಿರಾಕಿಗಳನ್ನ ಬಾವಿಗೆ ಕರ್ಕೊಂಡ್ ಹೋಗಿ, ನಿಮ್ಮ ಕಣ್ಣಿಗೆ ಏನನ್ನಿಸತ್ತೆ ಹೇಳಿ ಅಂತಿದ್ದೆ. ಅವರೇ ಹೇಳೋರು. ಎಲೆ ಹಸಿರು, ನೇರಳೆ. ನಾನು ಹೌದು ಅಂತಿದ್ದೆ. ಎಂಥ ವಿನಯದ ಮನುಷ್ಯ ಅಂತ ಹೊಗಳ್ತಿದ್ರು."

"ಆ ಮದುವೆ ಬಟ್ಟೆ?"

"ಬೆಳಕಿದ್ದಿದ್ರೆ ಅವರು ನೋಡಿ ಹೇಳ್ತಿದ್ರು. ಅವತ್ತು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಆದ್ರೆ ಇವತ್ತಲ್ಲ ನಾಳೆ ನಾನು ಸಿಕ್ಕಿಬೀಳೋನೇ. ಅಷ್ಟರಲ್ಲಿ ನಿಮ್ಮ ಸೀಲಿಂಗು ಬಂತು, ಬಚಾವಾದೆ. ಎಲ್ಲರೂ ಟ್ಯೂಬ್‌ಲೈಟನ್ನ ಬೈದ್ರು. ನಿಮ್ಮನ್ನ ಬೈದ್ರು. ಟವೆಲಿಗೆ ಹಾಕಿದಾಗ, ನಿಜ ಹೇಳ್ಬೇಕು ಅಂದ್ರೆ, ಹಾಯ್ ಅನ್ನಿಸ್ತು. ಬಿಳಿ ಬಿಳಿಯಾಗೇ ಕಾಣ್ತಿತ್ತು."

"ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ಹೇಳಬಹುದಿತ್ತು."

"ಹೇಳಬಹುದಿತ್ತು. ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಬಂದು ಅವಳು ನನ್ನ ಪಕ್ಕ ಕೂತ್ಕೊಳ್ಳೋಳು. ಮದುವೆ ಆಗಿ ಹೋದ ಮಗಳು ನನ್ನ ಕಡೆಯವಳಾಗೇ ಉಳಿದಿದ್ಲು. ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆಸ್ಪತ್ರೆಯಲ್ಲಿ ಹೇಳಿಬಿಡೋಣ ಅನ್ಕೊಂಡೆ. ನೀವು ಮಾತ್ರೆ ತರೋಕೆ ಹೋಗಿದ್ರಿ. ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸೋದು ಬೇಡ ಅನ್ನಿಸ್ತು."

"ಈಗ ಯಾಕೆ ಹೇಳಿದ್ರಿ?"

"ಮನೇಲಿ ಬಾಯಿ ಬರ್ತಿರಲಿಲ್ಲ. ಅಲ್ಲಿ ಎಲ್ಲ ಕಡೆ ಅವಳೇ ಇದ್ದಾಳೆ."

ಅವನಿಗೆ ಹಗುರವಾಗಬೇಕಿತ್ತು. ಇಷ್ಟು ವರ್ಷ ಬೆನ್ನ ಮೇಲೆ ಹೊತ್ತದ್ದನ್ನು ಇಳಿಸಿ, ಇದು ನಿನ್ನದಲ್ಲಪ್ಪಾ ಎಂದು ಯಾರೋ ಹೇಳಿದ ಮೇಲೆ. ಆದರೆ ಬಂದದ್ದು ಸಿಟ್ಟು. "ಮೇಲೊಂದು ಬೋಲ್ಟು ನೋಡ್ಬೇಕು. ಇಲ್ಲೇ ಇರಿ, ಕಂಬ ಬಿಟ್ಟು ಬರಬೇಡಿ," ಎಂದು ಹೇಳಿ ಮೆಟ್ಟಿಲ ಕಡೆ ಹೋದ. ನೋಡಬೇಕಾದ ಬೋಲ್ಟು ಯಾವುದೂ ಇರಲಿಲ್ಲ. ಮೆಟ್ಟಿಲ ಕಲ್ಲುಗಳು ನಡುವೆ ಸವೆದು ತಗ್ಗಾಗಿದ್ದವು. ಮೊದಲ ಅಂತಸ್ತು, ಎರಡನೆಯ ಅಂತಸ್ತು. ಒಂದೊಂದು ತಿರುವಿನಲ್ಲೂ ಅವನ ಹೆಜ್ಜೆ ಬಾವಿಗೆ ಬಿದ್ದು ದೊಡ್ಡದಾಗಿ ಕೇಳುತ್ತಿತ್ತು. ಅವಳು ಒಂದೇ ಒಂದು ಸಲ ನಕ್ಕು ಸತ್ತಿದ್ದರೂ ಸಾಕಿತ್ತು ಎಂದುಕೊಂಡ. ಈ ಮನುಷ್ಯ ಒಂದು ವಾಕ್ಯ ಆಡಿದ್ದರೆ ಅವಳು ತನ್ನ ಕಡೆ ತಿರುಗಿ ಮಲಗುತ್ತಿದ್ದಳು. ಹಾಗೆಂದುಕೊಂಡ ಬೆನ್ನಿಗೇ ಅದೂ ಪೂರ್ತಿ ನಿಜವಲ್ಲ ಎಂದು ಹೊಳೆದು ಇನ್ನೂ ಸಿಟ್ಟು ಬಂತು. ಅವಳ ಎದುರಿಗೆ ಕೂತು, ಏನು ನಿನ್ನ ಸಿಟ್ಟು, ಬೈದುಬಿಡು, ಎಂದು ತಾನು ಯಾವತ್ತು ಕೇಳಿದ್ದೆ? ಟವೆಲು ಕೊಳ್ಳುವುದು ಸುಲಭವಾಗಿತ್ತು. ತಪ್ಪು ಮಾಡಿದವನು ಎಂಬ ಮುಖ ಹಾಕಿಕೊಂಡರೆ ಇನ್ನು ಏನನ್ನೂ ಮಾಡಬೇಕಾಗಿರಲಿಲ್ಲ; ಒಳ್ಳೆಯ ಗಂಡನಾಗುವುದನ್ನೂ. ಮಾವನಿಗೆ ಆ ತಪ್ಪು ಎಷ್ಟು ಅನುಕೂಲವಾಗಿತ್ತೋ ಅವನಿಗೂ ಅಷ್ಟೇ ಅನುಕೂಲವಾಗಿತ್ತು. ಇಬ್ಬರೂ ಸೇರಿ ಅದನ್ನು ಹಂಚಿಕೊಂಡು ತಿಂದರು, ಅವಳು ಮಾತ್ರ ಉಪವಾಸವಿದ್ದಳು. ಸೀಲಿಂಗು ಹೋದ ಬದಿಯಲ್ಲಿ ಎರಡನೆಯ ಅಂತಸ್ತಿನ ಕಂಬಿ ಹಿಡಿದು ನಿಂತು ಅವನು ಕೆಳಗೆ ನೋಡಿದ.

ಮಾವ ಕಂಬ ಬಿಟ್ಟಿದ್ದರು. ಮುಖಕ್ಕೆ ಬಿಸಿಲು ತಾಕಿತೋ ಏನೋ, ಅದು ಎಲ್ಲಿ ದಟ್ಟವಾಗಿದೆ ಎಂದು ಹುಡುಕುವ ಹಾಗೆ ಕೋಲನ್ನು ನೆಲಕ್ಕೆ ಮುಟ್ಟಿಸುತ್ತ ಬಾವಿಯ ಅಂಚಿಗೆ ಬಂದು, ತಲೆಯೆತ್ತಿ ನಿಂತಿದ್ದರು. ಅವರ ತಲೆಯ ಮೇಲಿದ್ದದ್ದು ಅದೇ ಮೂಲೆ. ಸಡಿಲವಾದ ಸಲಾಕೆ ಈಗ ಪೂರ್ತಿ ಬಿಟ್ಟುಕೊಂಡಿತ್ತು. ಕಬ್ಬಿಣದ ಚೌಕಟ್ಟಿನ ಒಂದು ಬದಿ ಕೆಳಕ್ಕೆ ಬಾಗಿ, ಅದಕ್ಕೆ ಅಂಟಿದ್ದ ಹಲಗೆ ನಿಧಾನವಾಗಿ ಬಿಲ್ಲಿನ ಹಾಗೆ ಮಣಿಯುತ್ತಿತ್ತು. ಮುಂದಿನ ಸಲಾಕೆ ಯಾವುದು ಬಿಡುತ್ತದೆ, ಹಲಗೆ ಯಾವ ಕಡೆ ತಿರುಗಿ ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು. ಅದು ಅವನದೇ ನಕ್ಷೆ. ಬಾಯಿ ತೆರೆದಿತ್ತು. ದನಿ ಗಂಟಲಿಗೆ ಬಂದಿತ್ತು. ಆದರೆ ಗೊತ್ತಾದದ್ದಕ್ಕೂ ಕೂಗಿದ್ದಕ್ಕೂ ನಡುವೆ ಒಂದು ಸಣ್ಣ ಸಂದು ಬಿತ್ತು, ಒಂದು ಉಸಿರಿನಷ್ಟು, ಮತ್ತು ಆ ಸಂದಿನಲ್ಲಿ ಅವನು ನಿಂತಿದ್ದ. ಬೀಳಲಿ ಎಂದುಕೊಂಡನೇ? ಆಮೇಲೆ ಎಷ್ಟು ಹುಡುಕಿದರೂ ಆ ಮಾತು ಅವನಿಗೆ ತನ್ನೊಳಗೆ ಸಿಗಲಿಲ್ಲ. ಸುಮ್ಮನೆ ನೋಡಿದ. ಮೇಜಿನ ಮೇಲಿನ ಕಾಗದವನ್ನು ನೋಡುವ ಹಾಗೆ, ಕೆಳಗೆ ಒಂದು ಕೋಟು, ಅದರ ಮೇಲೊಂದು ಬೆಳ್ಳನೆಯ ತಲೆ, ಅದರ ಮೇಲೊಂದು ಭಾರ. ಆಮೇಲೆ ಕೂಗಿದ. "ಮಾವಾ! ಹಿಂದಕ್ಕೆ!" ದನಿ ತನ್ನದಲ್ಲ ಎಂಬಷ್ಟು ದೊಡ್ಡದಾಗಿ ಬಾವಿಯನ್ನೆಲ್ಲ ತುಂಬಿತು. ಮಾವ ಯಾಕೆ ಏನು ಎನ್ನದೆ, ಹೇಳಿದ ಹಾಗೆ ಹಿಂದಕ್ಕೆ ಹೆಜ್ಜೆ ಇಟ್ಟರು. ಕೋಲು ಕೈಬಿಟ್ಟಿತು. ಹಲಗೆ ಅವರು ನಿಂತಿದ್ದ ಜಾಗಕ್ಕೇ ಬಂದು ಬಿದ್ದು, ಮೂವತ್ತು ವರ್ಷದ ಧೂಳು ಒಂದೇ ಸಲ ಎದ್ದಿತು. ಆ ಧೂಳಿನಲ್ಲಿ ಬಿಸಿಲು ಗೋಡೆಯ ಹಾಗೆ ನಿಂತು, ಒಳಗೆ ಯಾರಿದ್ದಾರೆ ಯಾರಿಲ್ಲ ಏನೂ ಕಾಣಲಿಲ್ಲ. ಅವನು ಮೆಟ್ಟಿಲುಗಳನ್ನು ಇಳಿದದ್ದು ಅವನಿಗೆ ನೆನಪಿಲ್ಲ.

ಚಹಾದ ಲೋಟ ಹಿಡಿದೇ ಓಡಿಬಂದಿದ್ದ ಕಂಟ್ರಾಕ್ಟರ ಮಾವನ ಕೋಟಿನ ಧೂಳು ಕೊಡವುತ್ತಿದ್ದ. "ಸಾರ್ ಕೂಗಿದ್ದಕ್ಕೆ ಹಿರಿಯರು ಉಳ್ಕೊಂಡ್ರು! ಅಲ್ಲಿ ಹಿಂಬಾಗಿಲ ತನಕ ಕೇಳಿಸ್ತು ಸಾರ್ ನಿಮ್ಮ ದನಿ. ದೇವರೇ ನಿಮ್ಮ ಬಾಯಲ್ಲಿ ಕೂಗಿದ ಹಾಗಿತ್ತು." ಕೆಲಸದವರು ಸುತ್ತ ಸೇರಿ ಅವನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಒಬ್ಬ ನೀರು ತಂದುಕೊಟ್ಟ. ಅದನ್ನು ಕುಡಿಯದೆ ಅವನು ಬಿದ್ದ ಹಲಗೆಯ ಮೇಲೇ ಇಟ್ಟ. ಅದನ್ನು ಕಂಡ ಕಂಟ್ರಾಕ್ಟರ, "ಪಾಪ, ಸಾರ್‌ಗೇ ಜಾಸ್ತಿ ಗಾಬರಿ ಆಗಿದೆ," ಎಂದ. ಹೊಗಳಿಕೆ ಒಂದೊಂದೂ ಮೈಮೇಲೆ ಬಂದು ಕೂರುತ್ತಿತ್ತು, ಕೊಡವಿದರೂ ಹೋಗುತ್ತಿರಲಿಲ್ಲ. ಉಳಿದ ಸಲಾಕೆಗಳ ಬಗ್ಗೆ ಎರಡು ಮಾತು ಹೇಳಿ ಅವನು ಹೊರಟ. ಬಾಗಿಲವರೆಗೂ ಕಂಟ್ರಾಕ್ಟರನೇ ಮಾವನನ್ನು ನಡೆಸಿಕೊಂಡು ಬಂದು, ಕೋಲನ್ನು ಅವರ ಕೈಗಿಟ್ಟು, ಒಳಗೆ ಹೋದ.

ಬೀದಿಯಲ್ಲಿ ಮಧ್ಯಾಹ್ನದ ಗಲಾಟೆ ಜೋರಾಗಿತ್ತು. ಟ್ಯಾಕ್ಸಿಗಳು ನಿಲ್ಲುವುದು ಎದುರು ಬದಿಯಲ್ಲಿ. ದಾಟಬೇಕಾಗಿತ್ತು. ಇಬ್ಬರೂ ಕಲ್ಲಿನ ಅಂಚಿಗೆ ಬಂದು ನಿಂತರು. ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು.

"ಮಾವ, ನಾನು ಕೂಗೋದು ತಡ ಆಯ್ತು."

"ಗೊತ್ತು," ಎಂದರು ಮಾವ.

ಅವನು ತಿರುಗಿ ನೋಡಿದ. ಅವರ ಹುಬ್ಬಿನ ಮೇಲೆ ಇನ್ನೂ ಬಿಳಿ ಧೂಳಿತ್ತು.

"ನೀವು ಮೆಟ್ಟಿಲು ಹತ್ತಿದ್ದು ಕೇಳಿಸ್ತು. ಕಂಬಿ ಹತ್ರ ಬಂದು ನಿಂತಿದ್ದೂ ಕೇಳಿಸ್ತು. ಅದು ಬಾವಿ ಅಲ್ವಾ, ಏನು ಬಿದ್ರೂ ಕೇಳಿಸತ್ತೆ. ಆಮೇಲೆ ನನ್ನ ತಲೆ ಮೇಲೆ ಏನೋ ಕಿರ್ ಅಂತು."

"ಮತ್ತೆ ಯಾಕೆ ಅಲ್ಲೇ ನಿಂತಿದ್ರಿ?"

ಮಾವ ಉತ್ತರ ಹೇಳುವಷ್ಟರಲ್ಲಿ ಒಂದು ಲಾರಿ ಸದ್ದು ಮಾಡುತ್ತ ಹೋಯಿತು, ಅದು ಪೂರ್ತಿ ಹೋಗುವವರೆಗೂ ಅವರು ಕಾದರು.

"ಕೂಗ್ತೀರಾ ಅಂತ ನೋಡ್ದೆ."

ಈ ಮಾತನ್ನು ಯಾರಿಗೆ ಹೋಗಿ ಹೇಳಬೇಕೋ ಅವಳೊಬ್ಬಳು ಇರಲಿಲ್ಲ. ಸಿಗ್ನಲ್ಲು ಬದಲಾಗಿ ವಾಹನಗಳು ನಿಂತವು. ಜನ ಅವರ ಎರಡೂ ಪಕ್ಕದಿಂದ ರಸ್ತೆಗೆ ಇಳಿದು ಹೋಗತೊಡಗಿದರು. ಅವನು ಕೈ ಚಾಚಿದ, ಮತ್ತೆ ಹಿಂದಕ್ಕೆ ತೆಗೆದ. ಮುಂಗೈ ಹಿಡಿಯಬೇಕೋ, ಮೊಣಕೈಯೋ, ಭುಜವೋ. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಅವನು ಈ ಮನುಷ್ಯನನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಹೇಗೆ ಹಿಡ್ಕೊಳ್ಳಲಿ, ಮಾವ?"

"ನೀವು ಹಿಡಿಯೋದು ಬೇಡ," ಎಂದರು ಮಾವ. ಅವರ ಕೈ ಗಾಳಿಯಲ್ಲಿ ಸ್ವಲ್ಪ ತಡಕಾಡಿ, ಅವನ ತೋಳು ಸಿಕ್ಕ ಮೇಲೆ ಅಂಗಿಯ ಸಮೇತ ಗಟ್ಟಿಯಾಗಿ ಹಿಡಿಯಿತು. "ನಾನು ಹಿಡ್ಕೋತೀನಿ. ನೀವು ನಡೀರಿ, ಸಾಕು."